ಮಿಸೆಸ್ ಮೂರ್‌ಗಾಗಿ ಕೊಳ್ಳಬೇಕಾದ ಬ್ಲೂ-ರೇ

‘ಎ ಪ್ಯಾಸೇಜ್ ಟು ಇಂಡಿಯಾ’ ಸಿನಿಮಾದ ಬ್ಲೂ-ರೇ ಡಿಸ್ಕನ್ನು ಹೆಚ್ಚಿನವರು ನಿರ್ದೇಶಕ ಡೇವಿಡ್ ಲೀನ್ ಹೆಸರು ನೋಡಿ ಕೊಳ್ಳುತ್ತಾರೆ. ಬೆಂಗಳೂರಿನವರಾದರೆ ತೆರೆಯ ಮೇಲೆ ಸಾವನದುರ್ಗ ನೋಡುವ ಆಸೆಗೆ ಕೊಳ್ಳುತ್ತಾರೆ. ನಾನು ತರಿಸಿಕೊಂಡದ್ದು ಅದರಲ್ಲಿ ಭಾರತಕ್ಕೆ ಬರುವ ಇಂಗ್ಲಿಷ್ ಮುದುಕಿ ಮಿಸೆಸ್ ಮೂರ್ ಪಾತ್ರ ಮಾಡಿರುವ ಪೆಗ್ಗಿ ಆಶ್‌ಕ್ರಾಫ್ಟ್ ಅವರಿಗಾಗಿ. ನಾಟಕಕ್ಕೆ ಬಣ್ಣ ಹಚ್ಚುವ ಎಲ್ಲರೂ, ಅದರಲ್ಲೂ ನನ್ನ ಹಾಗೆ ಅರವತ್ತು ದಾಟಿದ ಹೆಂಗಸರು, ಇದನ್ನು ಆಕೆಗಾಗಿಯೇ ನೋಡಬೇಕು.

ನಾನು ಹನುಮಂತನಗರದ ಹವ್ಯಾಸಿ ತಂಡವೊಂದರಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಐವತ್ತು ದಾಟಿದ ಮೇಲೆ ನಮಗೆ ಸಿಗುವುದು ಅಜ್ಜಿ ಪಾತ್ರಗಳೇ. ತಾಲೀಮಿನ ಮೊದಲ ದಿನವೇ ಅಪ್ಪಣೆಯಾಗುತ್ತದೆ: ಬೆನ್ನು ಬಗ್ಗಿಸಿ, ದನಿ ನಡುಗಿಸಿ, ಕೈಗೊಂದು ಕೋಲು ಹಿಡಿಯಿರಿ. ಅಜ್ಜಿಗೂ ಒಂದು ತಲೆ ಇರುತ್ತದೆ, ಅದರೊಳಗೆ ಯೋಚನೆ ಓಡುತ್ತಿರುತ್ತದೆ, ಅವಳಿಗೆ ಬೇಸರ ಬರಬಹುದು, ಇಷ್ಟು ವರ್ಷ ನಂಬಿದ ದೇವರ ಮೇಲೇ ಅನುಮಾನ ಹುಟ್ಟಬಹುದು ಅನ್ನುವುದನ್ನು ಯಾರೂ ಕೇಳುವುದಿಲ್ಲ. ಪೆಗ್ಗಿ ಮಾಡಿರುವ ಮುದುಕಿಯಲ್ಲಿ ಇರುವುದೆಲ್ಲ ಅದೇ. ಬೆನ್ನು ನೆಟ್ಟಗಿದೆ. ದನಿ ಎಲ್ಲೂ ನಡುಗುವುದಿಲ್ಲ. ಆದರೂ ಆ ಹೆಂಗಸಿಗೆ ಎಷ್ಟು ವಯಸ್ಸಾಗಿದೆ, ಎಷ್ಟು ದಣಿವಾಗಿದೆ ಎಂದು ನಮಗೆ ಪ್ರತಿ ಕ್ಷಣವೂ ಗೊತ್ತಾಗುತ್ತಿರುತ್ತದೆ.

ಮಸೀದಿಯ ದೃಶ್ಯವನ್ನೇ ತೆಗೆದುಕೊಳ್ಳಿ. ಬೆಳದಿಂಗಳ ರಾತ್ರಿ, ಮಿಸೆಸ್ ಮೂರ್ ಒಬ್ಬಳೇ ಒಳಗೆ ಬಂದಿದ್ದಾಳೆ. ಡಾಕ್ಟರ್ ಅಜೀಜ್ (ವಿಕ್ಟರ್ ಬ್ಯಾನರ್ಜಿ) ಈ ಬಿಳಿ ಹೆಂಗಸು ಬೂಟು ಹಾಕಿಕೊಂಡೇ ಬಂದಿದ್ದಾಳೆ ಎಂದುಕೊಂಡು ಗದರುತ್ತಾನೆ. ಆಕೆ ಆಗಲೇ ಬಿಚ್ಚಿಟ್ಟಿದ್ದಾಳೆ. ಆ ಜಾಗದಲ್ಲಿ ಬೇರೆ ನಟಿಯಾಗಿದ್ದರೆ ಬೆಚ್ಚಿಬೀಳುತ್ತಿದ್ದಳು, ಇಲ್ಲವೇ ಮುಖದಲ್ಲಿ ಒಂದಿಷ್ಟು ಅವಮಾನ ತೋರಿಸುತ್ತಿದ್ದಳು. ಪೆಗ್ಗಿ ಎರಡನ್ನೂ ಮಾಡುವುದಿಲ್ಲ. ದೇವರು ಇಲ್ಲಿದ್ದಾನೆ, ಹಾಗಾಗಿ ಬಿಚ್ಚಿದೆ ಎಂಬ ಅರ್ಥದ ಮಾತನ್ನು ಮನೆಯ ಹಜಾರದಲ್ಲಿ ಕೂತು ಹೇಳುವಷ್ಟು ಸಲೀಸಾಗಿ ಹೇಳುತ್ತಾರೆ. ಆಮೇಲೆ ಅಜೀಜ್ ಮಾತಾಡುತ್ತಾ ಹೋಗುತ್ತಾನೆ, ಆಕೆ ಕೇಳುತ್ತಾರೆ. ಕೇಳುವುದೂ ನಟನೆಯೇ ಎಂದು ನಮ್ಮ ಹುಡುಗರಿಗೆ ಮಾತಿನಲ್ಲಿ ತಿಳಿಸಲು ಆಗುವುದಿಲ್ಲ. ಈ ಡಿಸ್ಕ್ ಹಾಕಿ ತೋರಿಸಬಹುದು.

ಗುಹೆಯ ದೃಶ್ಯ ಇದಕ್ಕಿಂತ ಕಷ್ಟದ್ದು. ಕತ್ತಲೆ, ಜನರ ಒತ್ತಡ, ಆ ಪ್ರತಿಧ್ವನಿ. ಆಕೆ ಹೊರಗೆ ಬಂದು ಉಸಿರು ಹಿಡಿದುಕೊಂಡು ಕೂರುತ್ತಾಳೆ. ಒಳಗೆ ಏನೋ ಮುರಿದಿದೆ. ಏನು ಎಂದು ಸಂಭಾಷಣೆಯಲ್ಲಿ ವಿವರಿಸಿ ಹೇಳುವುದಿಲ್ಲ. ಅಲ್ಲಿಂದ ಮುಂದೆ ಮಿಸೆಸ್ ಮೂರ್ ಬೇರೆಯವಳಾಗುತ್ತಾಳೆ: ಸಿಡುಕುತ್ತಾಳೆ, ಯಾರ ಗೊಡವೆಯೂ ಬೇಡ ಅನ್ನುತ್ತಾಳೆ, ಸುಳ್ಳು ಆರೋಪಕ್ಕೆ ಸಿಕ್ಕ ಅಜೀಜನ ಮೇಲೆ ಕೇಸು ನಡೆಯುವ ಹೊತ್ತಿಗೆ ಹಡಗು ಹತ್ತಿಬಿಡುತ್ತಾಳೆ. ನೋಡುವವರ ಪ್ರೀತಿ ಕಳೆದುಕೊಳ್ಳುವ ಈ ಭಾಗದಲ್ಲಿ ಪೆಗ್ಗಿ ಒಂದಿಷ್ಟೂ ಕನಿಕರ ಬೇಡುವುದಿಲ್ಲ. ಎಷ್ಟೋ ದೊಡ್ಡ ನಟಿಯರು ಇಲ್ಲಿ ಒಂದು ಹನಿ ಕಣ್ಣೀರು ಹಾಕಿ ನಮ್ಮನ್ನು ಮತ್ತೆ ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು.

ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದರೆ ಆಕೆಯ ರಂಗಭೂಮಿಯ ಬದುಕನ್ನು ನೋಡಬೇಕು. 1907ರ ಡಿಸೆಂಬರ್ 22ರಂದು ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ ಹುಟ್ಟಿದವರು. 1926ರಲ್ಲಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿಯಲ್ಲಿ ಮೊದಲ ಬಾರಿ ವೃತ್ತಿರಂಗಕ್ಕೆ ಬಂದರು. 1930ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ಪಾಲ್ ರೋಬ್ಸನ್ ಅವರ ಒಥೆಲೋಗೆ ಡೆಸ್ಡಿಮೋನಾ ಆದರು. ಕಪ್ಪು ನಟನೊಬ್ಬ ಬಿಳಿ ನಟಿಯ ಗಂಡನಾಗಿ ರಂಗದ ಮೇಲೆ ನಿಂತದ್ದು ಆಗ ಎಷ್ಟೋ ಜನರಿಗೆ ಸಹಿಸಲಾಗದ ಸಂಗತಿ. ವರ್ಣದ್ವೇಷ ಅಂದರೆ ಏನೆಂದು ತಾನು ಕಣ್ಣಾರೆ ಕಂಡದ್ದು ಆ ನಾಟಕದ ದಿನಗಳಲ್ಲಿ ಎಂದು ಪೆಗ್ಗಿ ಮುಂದೆ ಹೇಳಿಕೊಂಡಿದ್ದಾರೆ. ಅದಾಗಿ ಅರ್ಧ ಶತಮಾನ ಕಳೆದ ಮೇಲೆ, ಒಬ್ಬ ಭಾರತೀಯನ ಮೇಲೆ ಸುಳ್ಳು ಆರೋಪ ಬೀಳುವ ಈ ಕಥೆಗೆ ಆಕೆ ಬಂದಾಗ ಆ ಅನುಭವ ಜೊತೆಯಲ್ಲೇ ಬಂದಿತ್ತು ಎಂದು ನಾನು ನಂಬುತ್ತೇನೆ. ಅಜೀಜನನ್ನು ನೋಡುವ ಆ ಕಣ್ಣಿನಲ್ಲಿ ದೊಡ್ಡವರು ಚಿಕ್ಕವರಿಗೆ ದಯೆ ತೋರುವ ಭಾವವೇ ಇಲ್ಲ.

1935ರಲ್ಲಿ ಲಂಡನ್ನಿನ ನ್ಯೂ ಥಿಯೇಟರಿನಲ್ಲಿ ಜೂಲಿಯೆಟ್. ಜಾನ್ ಗಿಲ್ಗುಡ್, ಲಾರೆನ್ಸ್ ಒಲಿವಿಯರ್ ಇಬ್ಬರೂ ರೋಮಿಯೋ ಮತ್ತು ಮರ್ಕ್ಯೂಷಿಯೋ ಪಾತ್ರಗಳನ್ನು ಅದಲು ಬದಲು ಮಾಡಿಕೊಂಡು ಆಡಿದ ಪ್ರಸಿದ್ಧ ಪ್ರಯೋಗ ಅದು. ರೋಮಿಯೋ ಬದಲಾದ, ಜೂಲಿಯೆಟ್ ಬದಲಾಗಲಿಲ್ಲ. ಅದೇ ವರ್ಷ ಹಿಚ್‌ಕಾಕ್ ಅವರ ‘ದಿ 39 ಸ್ಟೆಪ್ಸ್’ನಲ್ಲಿ ರೈತನೊಬ್ಬನ ಹೆಂಡತಿಯಾಗಿ ಸ್ವಲ್ಪ ಹೊತ್ತು ಬಂದು ಹೋಗುತ್ತಾರೆ. ಪರದೇಶಿ ಅತಿಥಿಗೆ ಗಂಡನ ಕೋಟು ಕೊಟ್ಟು ಕಳಿಸುವ ಹೆಂಗಸು. ಸಿಕ್ಕರೆ ನೋಡಿ, ಮಿಸೆಸ್ ಮೂರ್‌ಳ ಬೇರು ಅಲ್ಲಿದೆ. ಸಿನಿಮಾಗಳು ಬೆರಳೆಣಿಕೆಯಷ್ಟೇ, ಉಳಿದದ್ದೆಲ್ಲ ನಾಟಕ. 1956ರಲ್ಲಿ ಬ್ರಿಟನ್ನಿನ ಗೌರವವಾದ ಡೇಮ್ ಬಿರುದು ಬಂತು. 1962ರಲ್ಲಿ ಕ್ರಾಯ್ಡನ್‌ನಲ್ಲಿ ಆಕೆಯ ಹೆಸರಿನ ರಂಗಮಂದಿರವೇ ತೆರೆಯಿತು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1963ರ ‘ದಿ ವಾರ್ಸ್ ಆಫ್ ದಿ ರೋಸಸ್’. ಷೇಕ್ಸ್‌ಪಿಯರನ ಚರಿತ್ರೆ ನಾಟಕಗಳನ್ನು ಒಟ್ಟುಗೂಡಿಸಿ ರಾಯಲ್ ಷೇಕ್ಸ್‌ಪಿಯರ್ ಕಂಪನಿ ಸ್ಟ್ರಾಟ್‌ಫರ್ಡ್‌ನಲ್ಲಿ ಆಡಿದ್ದು. ಅದರಲ್ಲಿ ರಾಣಿ ಮಾರ್ಗರೆಟ್ ಎಳೆಯ ಹುಡುಗಿಯಾಗಿ ಬಂದು ಶಾಪ ಹಾಕುವ ಮುದುಕಿಯಾಗುವವರೆಗೆ ಪೆಗ್ಗಿ ಒಬ್ಬರೇ. ಆಗ ಆಕೆಗೆ ಐವತ್ತೈದು. ಅಂದರೆ ಮುದಿತನವನ್ನು ಮೈಯಿಂದ, ದನಿಯಿಂದ ಕಟ್ಟುವ ಕಸುಬು ಆಕೆಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಲೀನ್ ಕ್ಯಾಮರಾದ ಮುಂದೆ ಅದನ್ನು ಬಳಸಲಿಲ್ಲ. ಒಗ್ಗರಣೆಯೇ ಇಲ್ಲದೆ ಬರೀ ಬೇಳೆಯ ರುಚಿಯಲ್ಲಿ ನಿಲ್ಲುವ ತೊವ್ವೆಯಂಥ ಅಭಿನಯ ಇದು. ಎಪ್ಪತ್ತಾರರ ಮುಖಕ್ಕೆ ಇನ್ನೇನೂ ಬೇಕಿರಲಿಲ್ಲ.

ಆ ಎಪ್ಪತ್ತಾರನೆಯ ವಯಸ್ಸು ಕಳೆದದ್ದು ನಮ್ಮ ಊರಿನಲ್ಲಿ. 1983ರ ಕೊನೆಗೆ ಶುರುವಾದ ಚಿತ್ರೀಕರಣ ಮರುವರ್ಷಕ್ಕೂ ಮುಂದುವರಿಯಿತು. ಅರಮನೆ ಮೈದಾನದಲ್ಲಿ ಕಥೆಯ ಊರಾದ ಚಂದ್ರಾಪುರದ ಪೇಟೆಯ ಸೆಟ್ ಎದ್ದಿತು. ಚಿತ್ರಕ್ಕೆ ಆಧಾರವಾದ ಫಾರ್ಸ್ಟರ್ ಕಾದಂಬರಿಯ ಮರಾಬಾರ್ ಗುಹೆಗಳಿಗೆ ಮೂಲವಾದ ಬಿಹಾರದ ಬರಾಬರ್ ಬಿಟ್ಟು ಲೀನ್ ಸಾವನದುರ್ಗ, ರಾಮದೇವರ ಬೆಟ್ಟಗಳನ್ನು ಆರಿಸಿಕೊಂಡರು. ಗುಹೆಯ ಬಾಯಿಗಳನ್ನು ಚಿತ್ರಕ್ಕಾಗಿಯೇ ಬಂಡೆಯಲ್ಲಿ ಕೊರೆಸಿದರು. ಗುಹೆಗೆ ಹೋಗುವ ರೈಲು ಮಾತ್ರ ನೀಲಗಿರಿಯದು. ಮಾಗಡಿ ರಸ್ತೆಯಲ್ಲಿ ಓಡಾಡುವವರಿಗೆ ಆ ಬಂಡೆಯ ಬಣ್ಣ ಗೊತ್ತು. ಈ ಬ್ಲೂ-ರೇಯಲ್ಲಿ ಅದು ಮಧ್ಯಾಹ್ನದ ಬಿಸಿಲಿನಲ್ಲಿ ಇರುವ ಹಾಗೆಯೇ ಕಾಣುತ್ತದೆ, ಮಳೆನೀರು ಇಳಿದ ಕಪ್ಪು ಗೆರೆಗಳ ಸಮೇತ. ಚಿತ್ರದ ಗುಣಮಟ್ಟಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ನನ್ನ ಹತ್ತಿರ ಇಲ್ಲ.

1985ರ ಮಾರ್ಚ್‌ನಲ್ಲಿ ಪೆಗ್ಗಿಗೆ ಪೋಷಕ ನಟಿಯ ಆಸ್ಕರ್ ಬಂತು, ಎಪ್ಪತ್ತೇಳರಲ್ಲಿ. ಆಕೆ ಸಮಾರಂಭಕ್ಕೆ ಹೋಗಲಿಲ್ಲ. ಹಳೆಯ ಸಹನಟ ಮೈಕೇಲ್ ರೆಡ್‌ಗ್ರೇವ್ ತೀರಿಕೊಂಡಿದ್ದರು, ಅವರ ಅಂತ್ಯಕ್ರಿಯೆಗೆ ಇಂಗ್ಲೆಂಡಿನಲ್ಲೇ ಉಳಿದರು. ಪ್ರಶಸ್ತಿಯನ್ನು ಆಂಜೆಲಾ ಲ್ಯಾನ್ಸ್‌ಬರಿ ಸ್ವೀಕರಿಸಿದರು. ಈ ಸಂಗತಿ ಓದಿದ ಮೇಲೆ ಆಕೆಯ ಮೇಲಿನ ನನ್ನ ಗೌರವ ಇನ್ನಷ್ಟು ಹೆಚ್ಚಿತು.

ಕೊರತೆಗಳನ್ನೂ ಹೇಳಬೇಕು. ಅಲೆಕ್ ಗಿನ್ನೆಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಪ್ರೊಫೆಸರ್ ಗೋಡ್ಬೋಲೆ ಆಗಿರುವುದು ನನಗೆ ಒಂದು ನಿಮಿಷವೂ ಒಪ್ಪಿಗೆಯಾಗಲಿಲ್ಲ. ಅಷ್ಟು ದೊಡ್ಡ ನಟ, ಆದರೆ ಆ ಪಾತ್ರಕ್ಕೆ ಭಾರತದಲ್ಲಿ ನಟರಿಗೆ ಬರವಿರಲಿಲ್ಲ. ಪೆಗ್ಗಿಯ ಪಕ್ಕದಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಡಿಸ್ಕಿನ ಜೊತೆ ಬರುವ ಹೆಚ್ಚುವರಿ ಕಿರುಚಿತ್ರಗಳು ಚಿತ್ರೀಕರಣ, ಪಾತ್ರವರ್ಗ, ಕಾದಂಬರಿಕಾರ ಫಾರ್ಸ್ಟರ್ ಎಲ್ಲವನ್ನೂ ಮುಟ್ಟುತ್ತವೆ. ನನಗೆ ಪೆಗ್ಗಿಯ ಬಗ್ಗೆಯೇ ಒಂದು ಇಡೀ ಭಾಗ ಬೇಕಿತ್ತು. ಆಕೆ 1991ರಲ್ಲೇ ತೀರಿಕೊಂಡಿದ್ದರಿಂದ ಬೇರೆಯವರ ನೆನಪುಗಳೇ ಗತಿ. ನಿರ್ಮಾಪಕ ರಿಚರ್ಡ್ ಗುಡ್‌ವಿನ್ ಚಿತ್ರದ ಜೊತೆಜೊತೆಗೇ ಮಾತಾಡುವ ಕಾಮೆಂಟರಿಯನ್ನು ಮಾತ್ರ ತಪ್ಪಿಸಬೇಡಿ, ಮೊದಲ ಸಲ ಚಿತ್ರವನ್ನು ಸುಮ್ಮನೆ ನೋಡಿ ಮುಗಿಸಿದ ಮೇಲೆ.

ಚಿತ್ರ ಎರಡೂ ಮುಕ್ಕಾಲು ಗಂಟೆಯ ಹತ್ತಿರ ಇದೆ, ರಾತ್ರಿ ಊಟ ಮುಗಿಸಿ ಕೂರಬೇಡಿ. ಕನ್ನಡ ಸಬ್‌ಟೈಟಲ್ ಇಲ್ಲ, ಇಂಗ್ಲಿಷಿನದು ಹಾಕಿಕೊಂಡರೆ ಸಾಕು. ಕೊಳ್ಳುವ ಮೊದಲು ಡಬ್ಬದ ಹಿಂದೆ ರೀಜನ್ ಕೋಡ್, ಅಂದರೆ ಡಿಸ್ಕ್ ಯಾವ ಪ್ರದೇಶದ ಪ್ಲೇಯರಿನಲ್ಲಿ ಓಡುತ್ತದೆ ಎಂಬ ಗುರುತು, ನೋಡಿ. ಬ್ಲೂ-ರೇಯಲ್ಲಿ ಭಾರತ ‘ಸಿ’, ಇಂಗ್ಲೆಂಡ್ ‘ಬಿ’. ಡಿವಿಡಿಯಾದರೆ ನಮ್ಮದು 5, ಅವರದು 2. ವಿದೇಶದಿಂದ ನೆಂಟರ ಕೈಲಿ ತರಿಸುವವರು ತಮ್ಮ ಪ್ಲೇಯರ್ ಎಲ್ಲ ರೀಜನ್ ಓಡಿಸುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ನಾಟಕದ ತಂಡಗಳಿಗೆ ಒಂದು ವಿನಂತಿ: ಅಜ್ಜಿ ಪಾತ್ರವಿರುವ ನಾಟಕ ಕೈಗೆತ್ತಿಕೊಳ್ಳುವ ಮುಂಚೆ ಮಸೀದಿಯ ದೃಶ್ಯವೊಂದನ್ನಾದರೂ ಎಲ್ಲರೂ ಕೂತು ನೋಡಿ, ನಿರ್ದೇಶಕರನ್ನೂ ಕೂರಿಸಿಕೊಂಡು.