ಗಣಿ ಬಂಗಲೆಯ ಹೆಸರು ಹೇಳಿ ಮಾರುವ ಆಮೆಚಿಪ್ಪಿನ ಒಡವೆ

ಕೋಲಾರ ಚಿನ್ನದ ಗಣಿಯ ಇಂಗ್ಲಿಷ್ ಅಧಿಕಾರಿಯ ಬಂಗಲೆಯಿಂದ ಬಂದದ್ದೆಂದು ಹೇಳಿಕೊಂಡು ಯಾರಾದರೂ ಆಮೆಚಿಪ್ಪಿನ ಒಡವೆಯನ್ನು ನಿಮ್ಮ ಮನೆಗೆ ತಂದರೆ, ಕಥೆ ಕೇಳಿ, ಕಾಫಿ ಕೊಟ್ಟು ಕಳುಹಿಸಿ. ಹಣ ಮಾತ್ರ ಕೊಡಬೇಡಿ. ಕಳೆದ ದೀಪಾವಳಿಗೆ ಮುಂಚೆ ರಾಬರ್ಟ್‌ಸನ್‌ಪೇಟೆಯಲ್ಲಿ ಮಧ್ಯವರ್ತಿಯೊಬ್ಬನಿಂದ ಚಿನ್ನದ ಹೂಬಳ್ಳಿ ಕೂರಿಸಿದ, ಸೆರಗಿಗೆ ಚುಚ್ಚಿಕೊಳ್ಳುವ ಬ್ರೂಚೊಂದನ್ನು ನಾನು 18,000 ರೂಪಾಯಿಗೆ ಕೊಂಡೆ. 1880ರ ದಶಕದಿಂದ ಇಂಗ್ಲಿಷರ ಸಂಸಾರಗಳು ಈ ಗಣಿಯೂರಿನಲ್ಲಿ ಬಾಳಿದ್ದರಿಂದ ಅವನ ಕಥೆ ನಂಬುವಂತೆಯೇ ಇತ್ತು.

ಕೊಂಡ ಮೇಲೆ ಚಿಪ್ಪಿನಲ್ಲಿ ಚಿನ್ನ ಕೂರಿಸುವ ಈ ಕಸುಬಿನ ಬಗ್ಗೆ ಓದಿದೆ (ಮೊದಲೇ ಓದಬೇಕಿತ್ತು). ಇದರ ಹೆಸರು ಪೀಕೆ. 17ನೆಯ ಶತಮಾನದಲ್ಲಿ ನೇಪಲ್ಸ್‌ನಲ್ಲಿ ಬೆಳೆದ ಈ ಕಲೆ ಫ್ರಾನ್ಸಿನಿಂದ ವಲಸೆ ಹೋದ ಹ್ಯೂಗೆನಾಟ್ (ಫ್ರೆಂಚ್ ಪ್ರಾಟೆಸ್ಟೆಂಟ್) ಕುಶಲಕರ್ಮಿಗಳೊಂದಿಗೆ ಇಂಗ್ಲೆಂಡಿಗೆ ತಲುಪಿತು. ಹಾಕ್ಸ್‌ಬಿಲ್ ಎಂಬ ಕಡಲಾಮೆಯ ಬೆನ್ನಿನ ಫಲಕಗಳನ್ನು ಬಿಸಿಯಲ್ಲಿ ಮೆತ್ತಗಾಗಿಸಿ, ಚಿನ್ನಬೆಳ್ಳಿಯ ಚುಕ್ಕಿಗಳನ್ನೋ ತಗಡಿನ ಚೂರುಗಳನ್ನೋ ಅವುಗಳೊಳಗೆ ಒತ್ತುತ್ತಿದ್ದರು. ಚಿಪ್ಪು ಆರುತ್ತ ಕುಗ್ಗಿ ಲೋಹವನ್ನು ತಾನೇ ಕಚ್ಚಿ ಹಿಡಿಯುತ್ತಿತ್ತು, ಅಂಟಿನ ಹಂಗಿರಲಿಲ್ಲ. 1870ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನ ಯಂತ್ರಗಳು ಅದನ್ನು ಅಗ್ಗದ ಸರಕಾಗಿಸಿದವು. ಮುಂದೆ ಕೈಕಸುಬೇ ಅಳಿಯಿತು.

ನನ್ನ ಬ್ರೂಚಿನ ದಳವೊಂದು ತಿಂಗಳೊಳಗೆ ಕಳಚಿ ಸೆರಗಿಗೆ ಸಿಕ್ಕಿಕೊಂಡಿತು. ಅದರಡಿಯಲ್ಲಿ ಒಣಗಿದ ಅಂಟಿತ್ತು. ನಮ್ಮ ಅಕ್ಕಸಾಲಿಗರು ದಳವನ್ನು ಒರೆಗಲ್ಲಿಗೆ ಉಜ್ಜಿ, "ಗಿಲೀಟು ಕಣಮ್ಮ" ಎಂದರು. ನಿಜವಾದ ಚಿಪ್ಪಿನ ಕಂದು ಮಚ್ಚೆಗಳು ಭೂತಗನ್ನಡಿಯಲ್ಲಿ ಸಣ್ಣ ಚುಕ್ಕಿಗಳ ಗುಂಪಾಗಿ ಕಾಣಬೇಕು; ಇದರಲ್ಲಿ ಬಣ್ಣವು ಹಾಲಿಗೆ ಬಿಟ್ಟ ಡಿಕಾಕ್ಷನ್ನಿನಂತೆ ಹರಡಿತ್ತು. ಬಿಸಿನೀರಿನಲ್ಲಿ ಅದ್ದಿ ಮೂಸಿದಾಗ ಕರ್ಪೂರದ ವಾಸನೆ ಬಂತು, ಅಂದರೆ ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್. ಕಾದ ಸೂಜಿ ಚುಚ್ಚಿ ಪರೀಕ್ಷಿಸಿ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಆ ಪ್ಲಾಸ್ಟಿಕ್ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಹಣ ಮರಳಿ ಕೇಳಿದಾಗ ಮಧ್ಯವರ್ತಿ ಅಂಜಲಿಲ್ಲ. "ಪೊಲೀಸರಿಗೆ ಹೇಳಿ ಮೇಡಂ, ಆಮೆಚಿಪ್ಪು ಕೊಳ್ಳಲು ಬಂದಿದ್ದೆ ಅಂತಲೂ ಹೇಳಿ" ಎಂದ. ಹಾಕ್ಸ್‌ಬಿಲ್ ಆಮೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಅದರ ಚಿಪ್ಪಿನ ವಸ್ತುಗಳ ವ್ಯಾಪಾರ ನಿಷಿದ್ಧ, ಹಳೆಯದು ಎಂದ ಮಾತ್ರಕ್ಕೆ ಸಕ್ರಮವಾಗುವುದಿಲ್ಲ. ಒಡವೆ ಅಸಲಿಯಾಗಿದ್ದರೆ ನಾನೇ ಕಟಕಟೆ ಹತ್ತಬೇಕಾಗುತ್ತಿತ್ತು. ನಕಲಿಯಾದ್ದರಿಂದ ಹಣ ಹೋಯಿತು. ಕೊಂಡವರು ಬಾಯಿ ಬಿಡುವುದಿಲ್ಲವೆಂಬ ಲೆಕ್ಕಾಚಾರದ ಮೇಲೆಯೇ ಅವನ ದಂಧೆ ನಡೆಯುತ್ತಿದೆ, ಹಾಗಾಗಿ ನಾಚಿಕೆ ಬದಿಗಿಟ್ಟು ಇಷ್ಟನ್ನು ಬರೆದಿದ್ದೇನೆ.