ಸ್ಕೋರ್ ತೋರಿಸುವ ಆ್ಯಪ್ ಮತ್ತು ವರ್ಷಕ್ಕೊಮ್ಮೆ ಸಿಗುವ ಉಚಿತ ವರದಿ: ಬಳಸಿ ನೋಡಿದ ಮೇಲೆ

ಸಾಲದ ವಿಚಾರದಲ್ಲಿ ತನ್ನ ಹೆಸರು ಹೇಗಿದೆ ಎಂದು ತಿಳಿಯಬಯಸುವವರಿಗೆ ಈಗ ಎರಡು ದಾರಿಗಳಿವೆ. ಫೋನಿಗೆ ಒಂದು ಆ್ಯಪ್ ಹಾಕಿಕೊಂಡು ಪ್ರತಿ ತಿಂಗಳೂ ಕ್ರೆಡಿಟ್ ಸ್ಕೋರ್, ಅಂದರೆ ಸಾಲ ತೀರಿಸುವ ನಡವಳಿಕೆಗೆ ಸಿಗುವ ಅಂಕಿ, ನೋಡುತ್ತಿರಬಹುದು. ಇಲ್ಲವೇ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಎಂಬ, ಸಾಲದ ಮಾಹಿತಿ ಕಲೆಹಾಕಿ ಸ್ಕೋರ್ ಕೊಡುವ ನಾಲ್ಕು ಕಂಪನಿಗಳು, ರಿಸರ್ವ್ ಬ್ಯಾಂಕಿನ ನಿಯಮದಂತೆ, ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕಾದ ಪೂರ್ಣ ವರದಿಯನ್ನು ತರಿಸಿಕೊಂಡು ಓದಬಹುದು. ಎರಡನ್ನೂ ಬಳಸಿದ್ದೇನೆ. ಆ್ಯಪ್ ಅಂಕಿಯನ್ನು ತೋರಿಸಿ ಗಾಬರಿ ಹುಟ್ಟಿಸುತ್ತದೆ, ಆ ಗಾಬರಿಗೆ ಆಧಾರವಿದೆಯೇ ಎಂಬುದು ವರದಿಯಲ್ಲಿ ಮಾತ್ರ ಗೊತ್ತಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಆ್ಯಪ್ ವಿಚಾರ. ನಾನು ಬಳಸುತ್ತಿದ್ದ ಆ್ಯಪಿನ ಹೆಸರು ಇಲ್ಲಿ ಬೇಡ. ಜೂನ್ ತಿಂಗಳಲ್ಲಿ ಅದು 'ನಿಮ್ಮ ಸ್ಕೋರ್ ಇಳಿದಿದೆ' ಎಂದು ಸಂದೇಶ ಕಳುಹಿಸಿತು. ತೆರೆದು ನೋಡಿದರೆ ಕೆಂಪು ಬಾಣ, ಇಪ್ಪತ್ತಕ್ಕೂ ಹೆಚ್ಚು ಅಂಕಗಳ ಕುಸಿತ, ಅದರ ಕೆಳಗೇ 'ನಿಮಗಾಗಿ ಮಂಜೂರಾದ ವೈಯಕ್ತಿಕ ಸಾಲ' ಎಂಬ ಜಾಹೀರಾತು. ಸ್ಕೋರ್ ಇಳಿದಿದೆ ಎಂದು ಹೆದರಿಸಿದ ಪರದೆಯೇ ಹೊಸ ಸಾಲ ಕೊಡಲು ಮುಂದೆ ಬರುವ ಈ ಏರ್ಪಾಡು ಸೋಜಿಗದ್ದಾಗಿದ್ದರೂ ಅರ್ಥವಾಗದ್ದೇನಲ್ಲ: ಉಚಿತ ಆ್ಯಪುಗಳ ಆದಾಯ ಇರುವುದೇ ಆ ಜಾಹೀರಾತಿನಲ್ಲಿ. ಸ್ಕೋರ್ ಏಕೆ ಇಳಿಯಿತು ಎಂಬುದಕ್ಕೆ ಮಾತ್ರ ಅಲ್ಲಿ ಒಂದು ಸಾಲಿನ ವಿವರಣೆಯೂ ಇರಲಿಲ್ಲ.

ಕಾರಣ ಬಹಳ ಸರಳವಾಗಿತ್ತು. ಒಂದು ಲಕ್ಷ ರೂಪಾಯಿ ಮಿತಿಯ ಕ್ರೆಡಿಟ್ ಕಾರ್ಡಿನಲ್ಲಿ ಮಕ್ಕಳ ಶಾಲಾ ಶುಲ್ಕ, ಪುಸ್ತಕ, ಸಮವಸ್ತ್ರ ಎಲ್ಲ ಸೇರಿ 62,000 ರೂಪಾಯಿ ಖರ್ಚಾಗಿತ್ತು. ಕೊನೆಯ ದಿನಾಂಕಕ್ಕೆ ಮೊದಲೇ ಅಷ್ಟನ್ನೂ ಕಟ್ಟಿದ್ದಾಯಿತು, ಒಂದು ಪೈಸೆ ಬಡ್ಡಿಯೂ ಬೀಳಲಿಲ್ಲ. ಆದರೆ ಬ್ಯಾಂಕು ಸ್ಕೋರ್ ಕಂಪನಿಗಳಿಗೆ ಮಾಹಿತಿ ಕಳುಹಿಸುವಾಗ ನೋಡುವುದು ಒಂದು ನಿಗದಿತ ದಿನದಂದು ಖಾತೆಯಲ್ಲಿ ಎಷ್ಟು ಬಾಕಿಯಿದೆ ಎಂಬುದನ್ನು; ನಾಲ್ಕು ದಿನ ಬಿಟ್ಟು ನೀವು ಕಟ್ಟಲಿರುವ ಹಣ ಅದರ ಲೆಕ್ಕಕ್ಕೆ ಬರುವುದಿಲ್ಲ. ಮಿತಿಯ ಶೇ 62 ಭಾಗ ಬಳಸಿದವನು ಹಣದ ಇಕ್ಕಟ್ಟಿನಲ್ಲಿರಬಹುದು ಎಂದು ಸ್ಕೋರಿನ ಸೂತ್ರ ಊಹಿಸುತ್ತದೆ. ಬಳಕೆ ಶೇ 30ರೊಳಗೆ ಇರಲಿ ಎಂಬ ಸಾಮಾನ್ಯ ಸಲಹೆಯ ಹಿಂದಿರುವುದು ಇದೇ. ಮುಂದೆ ಬಾಕಿ ಹತ್ತು ಸಾವಿರಕ್ಕಿಂತ ಕೆಳಗೆ ಬಂದಾಗ, ನಾನು ಬೇರೇನೂ ಮಾಡದಿದ್ದರೂ, ಇಳಿದಿದ್ದ ಅಂಕಗಳು ಬಹುಪಾಲು ಮರಳಿದವು.

2025ರ ಜನವರಿ 1ರಿಂದ ಬ್ಯಾಂಕುಗಳೂ ಬ್ಯಾಂಕೇತರ ಹಣಕಾಸು ಸಂಸ್ಥೆಗಳೂ ಈ ಮಾಹಿತಿಯನ್ನು ತಿಂಗಳಿಗೊಮ್ಮೆಯ ಬದಲು ಹದಿನೈದು ದಿನಕ್ಕೊಮ್ಮೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿತು. ಸಾಲ ತೀರಿಸಿದ್ದು ಬೇಗ ದಾಖಲಾಗುವುದರಿಂದ ಇದು ಒಳ್ಳೆಯ ಕ್ರಮವೇ. ಆದರೆ ಮಾಹಿತಿ ಹೆಚ್ಚು ಸಲ ಹೋದಷ್ಟೂ ಅಂಕಿ ಹೆಚ್ಚು ಸಲ ಅಲುಗಾಡುತ್ತದೆ, ಆ್ಯಪುಗಳಿಗೆ ಸಂದೇಶ ಕಳುಹಿಸಲು ಹೆಚ್ಚು ಸಂದರ್ಭ ಸಿಗುತ್ತದೆ. ಇದರ ಜೊತೆಗೆ, ನಾಲ್ಕೂ ಕಂಪನಿಗಳ ಸ್ಕೋರ್ 300ರಿಂದ 900ರ ನಡುವೆಯೇ ಇದ್ದರೂ ಅವುಗಳ ಸೂತ್ರಗಳು ಬೇರೆ ಬೇರೆ. ಒಂದು ಆ್ಯಪ್ ಎಕ್ಸ್‌ಪೀರಿಯನ್ ಅಂಕಿಯನ್ನೂ ಇನ್ನೊಂದು ಸಿಬಿಲ್ ಅಂಕಿಯನ್ನೂ ತೋರಿಸುತ್ತಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ.

ಅಂಕಿ ಏರಿಳಿಯಲು ಇರುವ ಉಳಿದ ಕಾರಣಗಳೂ ಹೆಚ್ಚಿನವು ಇಂಥವೇ. ಗೃಹಸಾಲಕ್ಕೆಂದು ನಾಲ್ಕಾರು ಕಡೆ ಅರ್ಜಿ ಹಾಕಿದರೆ ಪ್ರತಿಯೊಂದೂ ವಿಚಾರಣೆಯಾಗಿ, ಅಂದರೆ ಸಾಲ ಕೊಡುವವರು ನಿಮ್ಮ ವರದಿ ತೆರೆದು ನೋಡಿದ್ದಾಗಿ, ದಾಖಲಾಗುತ್ತದೆ. ಹಳೆಯ ಕಾರ್ಡನ್ನು ರದ್ದುಪಡಿಸಿದರೆ ಒಟ್ಟು ಮಿತಿ ಕುಗ್ಗಿ ಬಳಕೆಯ ಪ್ರಮಾಣ ಹೆಚ್ಚಿದಂತೆ ಕಾಣುತ್ತದೆ. ಸಾಲ ತೀರಿಸಿದ ಮೇಲೆಯೂ ಅಂಕ ಸ್ವಲ್ಪ ಇಳಿಯುವುದುಂಟು. ನಮ್ಮ ಸ್ಕೋರನ್ನು ನಾವೇ ನೋಡಿಕೊಳ್ಳುವುದರಿಂದ ಮಾತ್ರ ಅದು ಇಳಿಯುವುದಿಲ್ಲ, ಆ ಭಯ ಬೇಡ.

ಇನ್ನು ಉಚಿತ ವರದಿ. ಪ್ಯಾನ್ ಸಂಖ್ಯೆ, ಜನ್ಮದಿನಾಂಕ, ಮೊಬೈಲ್ ಸಂಖ್ಯೆ ಕೊಟ್ಟು ಒಟಿಪಿ ದಾಟಿದರೆ ವರದಿ ಸಿಗುತ್ತದೆ. ನನಗೆ ಬಂದದ್ದು ಇಂಗ್ಲಿಷಿನಲ್ಲಿತ್ತು, ಸಂಕೇತಾಕ್ಷರಗಳಿಂದ ತುಂಬಿತ್ತು. ಊರಿನಲ್ಲಿ ಚಿನ್ನದ ಮೇಲೆ ಸಾಲ ಪಡೆದ ರೈತರೊಬ್ಬರು ಇದನ್ನು ಯಾರ ನೆರವೂ ಇಲ್ಲದೆ ಓದಿಕೊಳ್ಳಲಾರರು. ಈ ಸೇವೆಯ ದೊಡ್ಡ ಕೊರತೆಯೆಂದರೆ ಇದೇ. ಓದಲು ಕಲಿತವರಿಗೆ ಮಾತ್ರ ಅದರಲ್ಲಿ ಎಲ್ಲವೂ ಇದೆ. ಸಿಬಿಲ್ ವರದಿಯಲ್ಲಿ ಪ್ರತಿ ಸಾಲದ ಕೆಳಗೆ 36 ತಿಂಗಳವರೆಗಿನ ಪುಟ್ಟ ಚೌಕಗಳ ಸಾಲಿರುತ್ತದೆ. ಚೌಕದಲ್ಲಿ 000 ಇದ್ದರೆ ಆ ತಿಂಗಳು ಬಾಕಿ ಉಳಿದಿಲ್ಲ. 030 ಎಂದಿದ್ದರೆ ಕಂತು 30 ದಿನ ತಡವಾಗಿದೆ. ನಿಜವಾಗಿ ಚಿಂತಿಸಬೇಕಾದ ಜಾಗ ಇದು. 90 ದಿನ ಮೀರಿದರೆ ಬ್ಯಾಂಕು ಅದನ್ನು ಅನುತ್ಪಾದಕ ಸಾಲವೆಂದು, ಅಂದರೆ ಮರುಪಾವತಿ ನಿಂತ ಸಾಲವೆಂದು, ವರ್ಗೀಕರಿಸುತ್ತದೆ. 'ಸೆಟಲ್ಡ್' ಎಂಬ ನಮೂದು ಕೇಳಲು ಸಮಾಧಾನಕರವಾಗಿದ್ದರೂ ಕೊಡಬೇಕಾದದ್ದಕ್ಕಿಂತ ಕಡಿಮೆ ಕೊಟ್ಟು ಮುಗಿಸಿದ್ದಾರೆ ಎಂದೇ ಮುಂದಿನ ಬ್ಯಾಂಕು ಅದನ್ನು ಓದುತ್ತದೆ.

ಖಾತೆ ಯಾರದು ಎಂಬ ಕಾಲಂ ಅನ್ನೂ ಬಿಡದೆ ನೋಡಬೇಕು. ಅಲ್ಲಿ 'ಗ್ಯಾರಂಟರ್' ಎಂದಿದ್ದರೆ ನೀವು ಎಂದೋ ನೆಂಟರಿಗೋ ಸಹೋದ್ಯೋಗಿಗೋ ಹಾಕಿದ ಜಾಮೀನು ಇನ್ನೂ ಜೀವಂತವಾಗಿದೆ ಎಂದರ್ಥ. ಅವರು ಕಂತು ತಪ್ಪಿಸಿದರೆ ಪೆಟ್ಟು ನಿಮ್ಮ ಸ್ಕೋರಿಗೂ ಬೀಳುತ್ತದೆ. ಮುಲಾಜಿಗೆ ಸಹಿ ಹಾಕಿ ಮರೆತುಬಿಡುವ ನಮ್ಮ ರೂಢಿಯನ್ನು ನೆನೆದರೆ, ಈ ಒಂದು ಕಾಲಂಗಾಗಿಯಾದರೂ ವರದಿ ತರಿಸುವುದು ಲೇಸು.

ನನ್ನ ವರದಿಯಲ್ಲಿ ತೀರಿಸಿಯಾಗಿದ್ದ ಒಂದು ದ್ವಿಚಕ್ರ ವಾಹನ ಸಾಲ ಇನ್ನೂ ಚಾಲ್ತಿಯಲ್ಲಿರುವಂತೆ ಇತ್ತು. ಸಾಲ ಕೊಟ್ಟವರು ಖಾತೆ ಮುಚ್ಚಿದ ಮಾಹಿತಿಯನ್ನೇ ಕಳುಹಿಸಿರಲಿಲ್ಲ. ಆನ್‌ಲೈನಿನಲ್ಲಿ ತಕರಾರು ದಾಖಲಿಸಿ, ಋಣಮುಕ್ತ ಪತ್ರವನ್ನು ಸಾಲ ಕೊಟ್ಟವರಿಗೂ ಕಳುಹಿಸಿದ ಮೇಲೆ ಅದು ಸರಿಹೋಯಿತು. ಸಾಲ ಕೊಟ್ಟ ಸಂಸ್ಥೆ ಒಪ್ಪದೆ ಸ್ಕೋರ್ ಕಂಪನಿ ತಾನಾಗಿಯೇ ದಾಖಲೆ ತಿದ್ದುವಂತಿಲ್ಲ. ಹಾಗಾಗಿ ಎರಡೂ ಕಡೆ ಬರೆಯುವುದು ಒಳ್ಳೆಯದು. ದೂರು 30 ದಿನದೊಳಗೆ ಇತ್ಯರ್ಥವಾಗದಿದ್ದರೆ ಆನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಜಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ಗ್ರಾಹಕರ ದೂರು ಕೇಳುವ ಅಧಿಕಾರಿ) ಬಳಿ ಹೋಗಬಹುದು.

ಸ್ಕೋರ್ ನೋಡುತ್ತಿರಲು ಹಣ ಕೊಟ್ಟು ಪಡೆಯುವ ಮಾಸಿಕ ಯೋಜನೆಗಳು ಬೇಕೇ? ಇನ್ನಾರು ತಿಂಗಳಲ್ಲಿ ಗೃಹಸಾಲಕ್ಕೆ ಹೋಗುವವರಿಗೆ ಬೇಕಾಗಬಹುದು. ಹಲವು ಬ್ಯಾಂಕುಗಳು ಬಡ್ಡಿದರವನ್ನು ಸ್ಕೋರಿನ ಹಂತಗಳಿಗೆ ಜೋಡಿಸಿರುವುದರಿಂದ, ಹಂತದ ಅಂಚಿನಲ್ಲಿರುವವರಿಗೆ ಹತ್ತು ಅಂಕವೂ ದುಬಾರಿಯಾಗಬಲ್ಲದು. 20 ವರ್ಷದ 50 ಲಕ್ಷ ರೂಪಾಯಿ ಸಾಲಕ್ಕೆ ಬಡ್ಡಿ ಶೇ 8.5ರ ಬದಲು 8.75 ಆದರೆ ತಿಂಗಳ ಕಂತು ಸುಮಾರು 800 ರೂಪಾಯಿ ಹೆಚ್ಚುತ್ತದೆ. ಅಂಥವರು ಅರ್ಜಿಗೆ ಮೊದಲಿನ ಕೆಲವು ತಿಂಗಳು ಕಾರ್ಡಿನ ಬಾಕಿಯನ್ನು ತಗ್ಗಿಸಿಟ್ಟುಕೊಂಡು ಅಂಕಿಯ ಮೇಲೆ ಕಣ್ಣಿಡಲಿ. ಉಳಿದವರಿಗೆ ನಾಲ್ಕು ಕಂಪನಿಗಳ ಉಚಿತ ವರದಿಯನ್ನು ಮೂರು ತಿಂಗಳಿಗೊಂದರಂತೆ ತರಿಸಿಕೊಂಡರೆ ಇಡೀ ವರ್ಷಕ್ಕೆ ಸಾಕು. ಯಾರಾದರೂ ನಿಮ್ಮ ಪ್ಯಾನ್ ಬಳಸಿ ಸಾಲ ಎತ್ತಲು ಹೊರಟರೆ ತಿಳಿಯುವುದು ಹೇಗೆ ಎಂಬ ಅಳುಕಿಗೂ ಹಣ ತೆರಬೇಕಿಲ್ಲ: ಬ್ಯಾಂಕು ಅಥವಾ ಹಣಕಾಸು ಸಂಸ್ಥೆ ನಿಮ್ಮ ವರದಿ ತೆರೆದಾಗಲೆಲ್ಲ ಸ್ಕೋರ್ ಕಂಪನಿ ನಿಮಗೆ ಎಸ್‌ಎಂಎಸ್ ಅಥವಾ ಇಮೇಲ್ ಕಳುಹಿಸಲೇಬೇಕು. ಅದಕ್ಕೆ ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆ ನೀವು ಈಗ ಬಳಸುತ್ತಿರುವುದೇ ಆಗಿರಬೇಕು, ಅಷ್ಟೆ.