ಸೋತ ಆಟವನ್ನು ಮತ್ತೆ ನೋಡಲು ಕಾಟ್ರೇನ್

ಗೋ ಆಟ (ಮಣೆಯ ಮೇಲೆ ಕಪ್ಪು-ಬಿಳಿ ಕಲ್ಲು ಇಟ್ಟು ಜಾಗ ಹಿಡಿಯುವ ಆಟ) ಮುಗಿದ ಮೇಲೆ ಎಲ್ಲಿ ಎಡವಿದೆ ಅಂತ ಹುಡುಕಲು ನಾನೀಗ ಬಳಸುತ್ತಿರುವುದು ಕಾಟ್ರೇನ್. ಉಚಿತ ತಂತ್ರಾಂಶ, ಒಳಗೆ ಲೆಕ್ಕ ಹಾಕುವುದು ಗೋ ಆಡುವ ಎಐ ಎಂಜಿನ್ ಕಾಟಾಗೋ. ಆಟದ ಫೈಲ್ ತೆರೆದು ಸ್ವಲ್ಪ ಕಾದರೆ ಕಲ್ಲುಗಳ ಮೇಲೆ ಬಣ್ಣದ ಚುಕ್ಕೆ ಬರುತ್ತದೆ. ಹಸಿರಿದ್ದರೆ ಒಳ್ಳೆ ನಡೆ, ಕೆಂಪಿದ್ದರೆ ಎಡವಟ್ಟು.

ನನಗೆ ತುಂಬಾ ಹಿಡಿಸಿದ್ದು, ಗೆಲ್ಲುವ ಸಾಧ್ಯತೆಯ ಜೊತೆಗೆ ಎಷ್ಟು ಅಂಕ ಕಳೆದುಕೊಂಡೆ ಅಂತಲೂ ತೋರಿಸುವುದು. ಮೊನ್ನೆಯ ಆಟದಲ್ಲಿ ಕೊನೆಗೆ ನನ್ನ ಕಲ್ಲುಗಳ ಒಂದು ಗುಂಪು ಸತ್ತಿತು, ಅಂದರೆ ಎದುರಾಳಿಯ ಸೆರೆಯಾಯಿತು, ಅದರಿಂದಲೇ ಸೋತೆ ಅಂದುಕೊಂಡಿದ್ದೆ. ಗ್ರಾಫ್ ನೋಡಿದರೆ ಬೇರೆಯೇ ಕಥೆ! ಅದಕ್ಕೂ ಎಷ್ಟೋ ಮೊದಲು, ಕೆಲಸಕ್ಕೆ ಬಾರದ ಎರಡು ಕಲ್ಲು ಉಳಿಸಲು ಹೋಗಿ ಇಡೀ ಒಂದು ಬದಿಯನ್ನು ಎದುರಾಳಿಗೆ ಬಿಟ್ಟುಕೊಟ್ಟಿದ್ದೆ, ಸುಮಾರು 15 ಅಂಕ ಅಲ್ಲೇ ಹೋಗಿತ್ತು. ಆಡುವಾಗ ಆ ನಡೆಯ ಬಗ್ಗೆ ಒಂದು ಕ್ಷಣವೂ ಅನುಮಾನ ಬಂದಿರಲಿಲ್ಲ.

ಕೊರತೆಯೂ ಇದೆ. ಎಲ್ಲಿ ತಪ್ಪು ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಸೂಚಿಸಿದ ನಡೆಯ ಮೇಲೆ ಮೌಸ್ ಇಟ್ಟರೆ ಮುಂದಿನ ನಡೆಗಳ ಸಾಲು ಕಾಣುತ್ತದೆ, ಆದರೆ ಅದರಲ್ಲಿ ಎಷ್ಟೋ ನಮ್ಮಂಥ ಹವ್ಯಾಸಿಗಳ ಕೈಗೆ ಎಟುಕುವಂಥದ್ದಲ್ಲ. ಒಂದೆರಡು ಅಂಕದ ತಪ್ಪುಗಳನ್ನು ಸುಮ್ನೆ ಬಿಟ್ಟುಬಿಡಿ. ದೊಡ್ಡ ತಪ್ಪು ಮೂರು ಆರಿಸಿ, ಅವನ್ನೇ ಜಾಸ್ತಿ ಹೊತ್ತು ನೋಡಿ. ಕಾರಣ ಹೊಳೆಯದಿದ್ದರೆ ನಿಮಗಿಂತ ಚೆನ್ನಾಗಿ ಆಡುವವರನ್ನು ಕೇಳಿ, ಅವರ ಒಂದು ಮಾತಿಗೆ ಈ ಚುಕ್ಕೆಗಳು ಸಾಟಿಯಲ್ಲ.

ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್ ಆದರೆ ವಿಶ್ಲೇಷಣೆ ನಿಧಾನ. ಆ ಹೊತ್ತಿನಲ್ಲಿ ನೀವೇ ಒಮ್ಮೆ ಆಟವನ್ನು ಮೊದಲಿಂದ ನೋಡಿ, ಗೊಂದಲವಾದ ಜಾಗ ಗುರುತು ಹಾಕಿಕೊಳ್ಳಿ.